ಹಿಂದಿನ ಸೀಟಿನ ಎಡಗಡೆ

ಬಾಲರಾಜು ತನ್ನ ಇಪ್ಪತ್ತೆರಡು ವರ್ಷದ ಹಳೆಯ ಕಾರನ್ನು ತಗ್ಗು ಮಾಡಿಸಿದಾಗಿನಿಂದ ಅವನ ತಾಯಿ ಗಂಗರತ್ನಮ್ಮನವರ ಊಟಕ್ಕೆ ಸಂಚಕಾರ ಬಂತು. ಕೋಗಿಲಿನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಬಾಲರಾಜುವಿಗೆ ವಯಸ್ಸು ಮೂವತ್ತಾರಾದರೂ ಕಾರಿನ ವಿಷಯದಲ್ಲಿ ಹದಿನಾರೇ. ಗೆಳೆಯನೊಬ್ಬನ ಶೆಡ್ಡಿನಲ್ಲಿ ನಾಲ್ಕೂ ಸ್ಪ್ರಿಂಗುಗಳನ್ನು ಕತ್ತರಿಸಿ ಗಿಡ್ಡ ಮಾಡಿಸಿದ್ದ. ಕಾರೆಂದರೆ ನೆಲಕ್ಕೆ ಹೊಟ್ಟೆ ಆನಿಸಿಕೊಂಡು ಹೋಗಬೇಕು ಎಂಬುದು ಅವನ ನಂಬಿಕೆ. ಅದರೊಳಗೆ ಕೂರಲು ಗಂಗರತ್ನಮ್ಮ ಕುಕ್ಕರಗಾಲಾಗಿ ಹಿಂದಕ್ಕೆ ಉರುಳಬೇಕಿತ್ತು. ಇಳಿಯುವಾಗ ಸೊಸೆ ನಾಗಲಕ್ಷ್ಮಿ ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯಬೇಕಿತ್ತು.

ಅದನ್ನೂ ಸಹಿಸಿಕೊಂಡಿದ್ದರು. ಆದರೆ ಕೆಲವು ತಿಂಗಳಲ್ಲಿ ಅವರು ಕೂರುವ ಮೂಲೆ, ಅಂದರೆ ಹಿಂದಿನ ಎಡಗಡೆ, ಉಳಿದ ಮೂರಕ್ಕಿಂತ ಹೆಚ್ಚು ಕುಸಿಯತೊಡಗಿತು. ಪ್ರತಿ ಹಂಪ್ಸಿಗೂ ಕೆಳಗಿನಿಂದ ಕರ್ರೆಂಬ ಸದ್ದು. ಬಾಲರಾಜು ಕಾರು ನಿಲ್ಲಿಸಿ, ಸುತ್ತ ಬಂದು ನೋಡಿ, ಅಮ್ಮ ಸ್ವಲ್ಪ ಇಳಿದು ಹಂಪ್ಸಿನ ಆ ಕಡೆಗೆ ನಡೆದುಬಿಡಲಿ ಎನ್ನುತ್ತಿದ್ದ. ಕಾರಿರುವ ಮನೆಯ ಯಜಮಾನಿ ಯಲಹಂಕದವರೆಗಿನ ಒಂಬತ್ತು ಹಂಪ್ಸುಗಳನ್ನೂ ನಡೆದೇ ದಾಟುವುದನ್ನು ಊರೇ ನೋಡಿತು. ಹಾಲಿನ ಅಂಗಡಿಯ ದಾನವ್ವ, ಇದು ಯಾವ ಡಾಕ್ಟರು ಹೇಳಿದ ವ್ಯಾಯಾಮ ಎಂದು ವಿಚಾರಿಸಿದಳು.

ತಪ್ಪು ತನ್ನ ತೂಕದ್ದೇ ಎಂದು ಗಂಗರತ್ನಮ್ಮ ನಂಬಿಬಿಟ್ಟರು. ರಾತ್ರಿಯ ಮುದ್ದೆ ಬಿಟ್ಟರು, ಆಮೇಲೆ ಬೆಳಗಿನ ಎರಡನೆಯ ದೋಸೆಯನ್ನೂ ಬಿಟ್ಟರು. ಎರಡು ತಿಂಗಳಲ್ಲಿ ಆರು ಕೆಜಿ ಇಳಿದರು. ರವಿಕೆಗಳು ಜೋಲಾಡಿದವು, ಕಾರಿನ ಎಡಮೂಲೆ ಮಾತ್ರ ಇನ್ನೂ ಎರಡು ಬೆರಳು ತಗ್ಗಿತು. ಮಗ ಗಲ್ಲ ಕೆರೆದುಕೊಂಡು, ಇನ್ನೊಂದು ನಾಲ್ಕು ಕೆಜಿ ಇಳಿದರೆ ಸರಿಹೋಗಬಹುದೇನೋ ಎಂದ.

ಬ್ಯಾಟರಾಯನಪುರದಲ್ಲಿ ಗಂಗರತ್ನಮ್ಮನ ತಮ್ಮನ ಮೊಮ್ಮಗುವಿಗೆ ನಾಮಕರಣವಿತ್ತು. ಮೂವರೂ ಹೋಗುವ ದಾರಿಯಲ್ಲಿ, ತಟ್ಟೆಯಷ್ಟಗಲದ ಒಂದು ಗುಂಡಿಗೆ ಇಳಿದ ಕಾರು ಫಟ್ಟೆಂದು ಎಡಕ್ಕೆ ವಾಲಿ ಕೂತುಬಿಟ್ಟಿತು. ಟೈರು ಮೇಲಿನ ತಗಡಿಗೆ ಒತ್ತಿಕೊಂಡು ರಬ್ಬರ್ ಸುಟ್ಟ ವಾಸನೆ ಬಂತು. ಬಾಲರಾಜು ತಾಯಿಯ ಕಡೆ ತಿರುಗಿದ. ಆ ನೋಟವೇ ಸಾಕಿತ್ತು.

ಕಾರನ್ನು ಹತ್ತಿರದ ವಾಜಿದ್ ಭಾಯಿಯ ಗ್ಯಾರೇಜಿಗೆ ಎಳೆಸಿದರು. ಆಟೋದಲ್ಲಿ ಮುಂದೆ ಹೋಗಿರಿ ಎಂದರೆ ಗಂಗರತ್ನಮ್ಮ ಒಪ್ಪಲಿಲ್ಲ. ತಮ್ಮ ಮೇಲಿನ ಅಪವಾದದ ತೀರ್ಪು ಕೇಳಿಯೇ ಹೋಗುವುದೆಂದು ರೇಷ್ಮೆ ಸೀರೆಯಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

ಅರವತ್ತು ದಾಟಿದ ವಾಜಿದ್ ಭಾಯಿ ಕಾರನ್ನು ಎತ್ತಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಅಡಿಭಾಗವನ್ನು ಬಡಿಯುತ್ತ ಬಂದರು. ಟಣ್ ಟಣ್ ಎನ್ನುತ್ತಿದ್ದದ್ದು ಹಿಂದಿನ ಎಡಮೂಲೆಯಲ್ಲಿ ಡಬ್ ಎಂದಿತು. ತಿರುಗಿಸಿ ಚುಚ್ಚಿದರೆ ಸ್ಕ್ರೂಡ್ರೈವರ್ ಕಡುಬಿಗೆ ಇಳಿದಂತೆ ಹಿಡಿತನಕ ಒಳಗೆ ಹೋಯಿತು. ಹಿಡಿಯಷ್ಟು ತುಕ್ಕು ನೆಲಕ್ಕೆ ಉದುರಿತು. ಶಾಕ್ ಅಬ್ಸಾರ್ಬರಿನ ಎಣ್ಣೆ ಎಂದೋ ಸೋರಿಹೋಗಿತ್ತು, ಅದನ್ನು ಕಾರಿನ ಮೈಗೆ ಬಿಗಿದಿದ್ದ ತಗಡೇ ಹರಿದಿತ್ತು.

"ಅಮ್ಮಾ, ಈ ಮೂಲೇಲಿ ಯಾರು ಕೂತ್ಕೋತಾರೆ?"

"ನಾನೇ ಕಣಪ್ಪ," ಎಂದರು ಗಂಗರತ್ನಮ್ಮ, ತಲೆ ತಗ್ಗಿಸಿ.

"ನೀವು ಕೂತಿಲ್ಲ ಅಂದ್ರೂ ಇದು ಹೋಗ್ತಿತ್ತು. ಮೊದಲೇ ತುಕ್ಕು ತಿಂದಿದೆ. ಸ್ಪ್ರಿಂಗ್ ಬೇರೆ ಕತ್ತರಿಸಿದ್ದಾರೆ, ಗುಂಡಿ ಏಟೆಲ್ಲ ಸೀದಾ ತಗಡಿಗೇ ಬಿದ್ದಿದೆ. ನಿಮ್ಮ ತೂಕದ್ದೇನೂ ತಪ್ಪಿಲ್ಲ."

"ಆ ಮಾತ್ನ ಇನ್ನೊಂದ್ ಸಲ ಏಳಪ್ಪ. ಇವನ ಕಡೆ ತಿರುಗಿ ಏಳು."

ವಾಜಿದ್ ಭಾಯಿ ಬಾಲರಾಜುವಿನ ಕಡೆ ತಿರುಗಿ, ಒಂದಕ್ಷರ ಬಿಡದೆ ಮತ್ತೆ ಹೇಳಿದರು. ನಾಗಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಹರಿದ ಕಡೆ ತಗಡು ವೆಲ್ಡ್ ಮಾಡಿ, ಎತ್ತರ ಮಾತ್ರ ಹೀಗೇ ಬಿಡಬಹುದೇ ಎಂದು ಬಾಲರಾಜು ಕೇಳಿದ. ಸರಿಯಾದ ಸ್ಪ್ರಿಂಗ್ ಹಾಕಿಸದಿದ್ದರೆ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದರು ವಾಜಿದ್ ಭಾಯಿ.

"ಎತ್ತರ ಆದ್ರೆ ಲಗೇಜ್ ಆಟೋ ಥರ ಕಾಣುತ್ತೆ ಭಾಯ್," ಎಂದು ಬಾಲರಾಜು ಗೊಣಗಿದ.

"ಕಾಣ್ಲಿ ಬುಡು," ಎಂದರು ಗಂಗರತ್ನಮ್ಮ. "ಕಾರಿರಾದು ಓಗಾಕೆ."

ಹತ್ತು ದಿನದ ಮೇಲೆ ಕಾರು ನೆಟ್ಟಗೆ ನಿಂತು ಮನೆಗೆ ಬಂತು. ಬೀದಿಯಲ್ಲಿ ಕೇಳಿದವರಿಗೆಲ್ಲ ಬಾಲರಾಜು, ಶೋಕಿಗಿಂತ ಹೆತ್ತವಳ ಅನುಕೂಲ ದೊಡ್ಡದಲ್ಲವೇ, ಅದಕ್ಕೇ ಎತ್ತರಿಸಿದೆ ಎಂದು ಹೇಳಿಕೊಂಡು ತಿರುಗಿದ. ಗಂಗರತ್ನಮ್ಮ ಕೇಳಿಸಿಕೊಂಡೂ ಸುಮ್ಮನಿದ್ದರು. ಮುಂದಿನ ಜಗಳಕ್ಕೆ ಏನಾದರೂ ಉಳಿಸಿಕೊಳ್ಳಬೇಕಲ್ಲ.