ಮಾತಿನ ಅಲಗೆ

ನಾನು ಬೋರ್ಡ್ ಬರೆಯುವವನು. ನನ್ನ ಅಕ್ಷರ ಮುತ್ತಿನಂತೆ. ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಅದರಲ್ಲೂ ನನ್ನ ನಾಲಿಗೆಗೂ ‘ಹ’ಕಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಒಮ್ಮೆ ‘ಊವಿನ ಅಂಗಡಿ’ ಎಂದು ಬರೆದು ಮಾನ ಕಳೆದುಕೊಂಡಿದ್ದೆ. ಅಂದಿನಿಂದ, ಶಾಲೆಯಲ್ಲಿ ಪಾಠ ಮಾಡುವ ನನ್ನ ಹೆಂಡತಿ ನೋಡಿ ತಲೆಯಾಡಿಸದೆ ಒಂದು ಬೋರ್ಡೂ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಅವಳೀಗ ಆಸ್ಪತ್ರೆಯಲ್ಲಿದ್ದಳು. ಆಪರೇಷನ್ ನಡುವೆ ಎದೆಬಡಿತ ಎರಡು ನಿಮಿಷ ನಿಂತಿತ್ತಂತೆ. ಗಂಟಲಲ್ಲಿ ಉಸಿರಾಟದ ನಳಿಕೆ, ಕೈ ಎತ್ತಲೂ ಶಕ್ತಿಯಿಲ್ಲ.

“ನಳಿಕೆ ತೆಗೆದ್ಮೇಲೆ ಮಾತು ಬರುತ್ತೆ, ಅದಕ್ಕೆ ಹೆದರ್ಬೇಡಿ,” ಎಂದರು ಡಾಕ್ಟರಮ್ಮ. “ಆದ್ರೆ ಮೆದುಳಿಗೆ ಪೆಟ್ಟಾಗಿದ್ಯಾ ಅಂತ ಗೊತ್ತಾಗ್ತಿಲ್ಲ. ನಾವು ಹೇಳಿದ್ದು ಎಷ್ಟು ಅರ್ಥ ಆಗ್ತಿದೆಯೋ ಏನೋ.”

ಮನೆಗೆ ಓಡಿದೆ. ಬಿಳಿ ಬಣ್ಣ ಹೊಡೆದಿಟ್ಟಿದ್ದ ಪ್ಲೈವುಡ್ ತುಂಡಿನ ಮೇಲೆ ಅ-ದಿಂದ ಳ-ವರೆಗೆ ಬರೆದೆ. ತಲೆಬರಹವಿಲ್ಲದ ಬೋರ್ಡು ಬರೆದು ಅಭ್ಯಾಸವಿಲ್ಲ. ಮೇಲೆ ದೊಡ್ಡದಾಗಿ ಅದನ್ನೂ ಬರೆದೆ. ಎಷ್ಟೋ ವರ್ಷಗಳ ನಂತರ, ಅವಳು ನೋಡದ ಬೋರ್ಡೊಂದು ಹೊಸ್ತಿಲು ದಾಟಿತು.

“ಟೀಚರ್,” ಎಂದೆ. ಮನೆಯಲ್ಲೂ ನಾನು ಅವಳನ್ನು ಕರೆಯುವುದು ಹಾಗೆಯೇ. “ಬೇಕಾದ ಅಕ್ಷರ ಬಂದಾಗ ಕಣ್ಣು ಮುಚ್ಚು. ಏನ್ ಏಳ್ಬೇಕೋ ಏಳು.”

ಬೆರಳನ್ನು ಒಂದೊಂದೇ ಅಕ್ಷರದ ಮೇಲೆ ಸರಿಸಿದೆ. ‘ಹ’ ಬಂದಾಗ ಕಣ್ಣು ಮುಚ್ಚಿದಳು.

“ಅಸಿವಾ? ಆಲು ಬೇಕಾ?”

ಉಹುಂ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಮತ್ತೆ ‘ಹ’. ಮೂರನೇ ಸಲವೂ ‘ಹ’.

ಡಾಕ್ಟರಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟರು. “ಒಂದೇ ಅಕ್ಷರಕ್ಕೆ ಸಿಕ್ಕಿಹಾಕ್ಕೊಂಡಿದ್ದಾರೆ, ಯಜಮಾನ್ರೇ. ಇವತ್ತಿಗೆ ಸಾಕು.”

ಕಣ್ಣು ತುಂಬಿ ಬಂತು. ಬೋರ್ಡನ್ನು ಕೆಳಗಿಳಿಸುವಾಗ ಅವಳ ಮುಖ ನೋಡಿದೆ. ಅದು ಕಕ್ಕಾಬಿಕ್ಕಿಯಾದವಳ ಮುಖವಲ್ಲ, ಸಿಟ್ಟು ನೆತ್ತಿಗೇರಿದವಳ ಮುಖ. ‘ಊವಿನ ಅಂಗಡಿ’ಯ ದಿನ ನೋಡಿದ್ದ ಅದೇ ಸಿಟ್ಟು. ಅವಳ ಕಣ್ಣು ಬೋರ್ಡಿನ ಮೇಲ್ತುದಿಯನ್ನೇ ದುರುಗುಟ್ಟಿ ನೋಡುತ್ತಿತ್ತು. ನಾನೂ ನೋಡಿದೆ.

‘ಮಾತಿನ ಅಲಗೆ.’

“ಡಾಕ್ಟ್ರೇ! ಇವಳ ತಲೆಗೆ ಏನೂ ಆಗಿಲ್ಲ! ನನ್ನ ತಪ್ಪು ತಿದ್ತಾ ಇದಾಳೆ!”

ನರ್ಸ್ ಗದರಿದರು, ಯಾರಿಗೆ ಬೇಕು? ಡಾಕ್ಟರಮ್ಮನ ಪೆನ್ನು ಕಸಿದುಕೊಂಡು ‘ಅ’ ಹೊಡೆದು ಹಾಕಿ ‘ಹ’ ಬರೆದೆ. ಡಾಕ್ಟರಮ್ಮ ಬೋರ್ಡು ನೋಡಿದರು, ಅವಳನ್ನು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನ್ನವಳು ಸಮಾಧಾನದಿಂದ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಮತ್ತೆ ಬೆರಳು ಸರಿಸಿದೆ. ಈ, ಗ, ನ, ರ.

“ಈಗ ನೀರು!” ಎಂದು ನರ್ಸೇ ಮೊದಲು ಓದಿ, ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸಿದರು. ಅಷ್ಟು ಬಾಯಾರಿಕೆಯಲ್ಲೂ ಅವಳಿಗೆ ಕಾಗುಣಿತವೇ ಮೊದಲು! ಬೈಸಿಕೊಂಡು ಇಷ್ಟು ಖುಷಿಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ.

ನಾಲ್ಕನೇ ದಿನ ನಳಿಕೆ ತೆಗೆದರು.

“ಟೀಚರ್, ಏನಾದ್ರೂ ಏಳು,” ಎಂದೆ.

ಒಡಕು ದನಿಯಲ್ಲಿ ಅವಳೆಂದಳು: “ಏಳು ಅಲ್ಲಾರೀ, ಹೇಳು.”

ಹುಟ್ಟಿದಾಗಿನಿಂದ ಬಾಯಿಗೆ ಬಾರದ ಆ ಅಕ್ಷರವನ್ನು ಇಡೀ ವಾರ್ಡಿಗೆ ಕೇಳುವಂತೆ ಕೂಗಿದೆ: “ಹೇಳು! ಹೇಳು! ಹೇಳು!”