ಎಣ್ಣೆ ಆರಿಸಿದ ಭಾವ

ನಮ್ಮ ಭಾವ ಯಾವ ಬಾಗಿಲನ್ನೂ ಒಂದೇ ಉಸಿರಿಗೆ ದಾಟಿದವರಲ್ಲ. ಮನೆಯ ಬಾಗಿಲಿರಲಿ, ಬ್ಯಾಂಕಿನ ಬಾಗಿಲಿರಲಿ, ಬಚ್ಚಲಮನೆಯ ಬಾಗಿಲೇ ಇರಲಿ, ಅದರ ಮುಂದೆ ಬಂದು ನಿಂತು, ಮೊದಲು ತಲೆಯೆತ್ತಿ ಚೌಕಟ್ಟಿನ ಮೇಲ್ತುದಿಯನ್ನು ನಿರುಕಿಸಿ, ಆಮೇಲೆ ತಲೆ ತಗ್ಗಿಸಿ, ಬಲಗಾಲಿನ ಬೂಟಿನ ಮೂತಿಯಿಂದ ಆಚೆಗೆ ನೆಲ ಇದೆಯೇ ಎಂದು ಮೆಲ್ಲಗೆ ಒತ್ತಿ ನೋಡಿ, ಇದೆ ಎಂದು ಖಾತ್ರಿಯಾದ ಮೇಲಷ್ಟೇ ಶರೀರದ ಉಳಿದ ಭಾಗಕ್ಕೆ ಮುಂದುವರಿಯಲು ಅಪ್ಪಣೆ ಕೊಡುತ್ತಾರೆ. ಹಿಂದಿನಿಂದ ಬರುವವರು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವುದು ಮಾಮೂಲು. ನಾನೇ ಹೊಡೆದಿದ್ದೇನೆ, ಅದೂ ಕೈಯಲ್ಲಿ ಬಿಸಿ ಕಾಫಿ ಹಿಡಿದುಕೊಂಡು.

ಇದು ಹುಟ್ಟುಗುಣವೋ, ಕಸುಬು ಕಲಿಸಿದ್ದೋ ನಾನರಿಯೆ. ನಿವೃತ್ತಿಯಾಗುವ ತನಕ ಭಾವ ಲಿಫ್ಟುಗಳ ತಪಾಸಣಾಧಿಕಾರಿಯಾಗಿದ್ದರು. ಅವರ ಸಹಿ ಬೀಳದೆ ಊರಿನ ಯಾವ ಲಿಫ್ಟೂ ಮೇಲೇಳುವಂತಿರಲಿಲ್ಲ. ಬಾಗಿಲು ತೆರೆದುಕೊಂಡಿತೆಂದ ಮಾತ್ರಕ್ಕೆ ಆಚೆ ನೆಲವಿದೆ ಎಂದು ನಂಬುವುದು ಅವರ ಶಾಸ್ತ್ರದಲ್ಲಿ ಶುದ್ಧ ಅವಿವೇಕ. ಆ ಕಾಲದ ಕಂದು ಕೋಟೊಂದಿದೆ; ಹೊಲಿದ ದರ್ಜಿಗೂ ನೆನಪಿರಲಾರದಷ್ಟು ಜೇಬುಗಳು ಅದಕ್ಕೆ. ಒಂದರಲ್ಲಿ ತೂಗುಗುಂಡು, ಒಂದರಲ್ಲಿ ಟಾರ್ಚು, ಇನ್ನೊಂದರಲ್ಲಿ ಭೂತಗನ್ನಡಿ. ಕೋಟು ತೊಟ್ಟು ಭಾವ ನಡೆದು ಬಂದರೆ ಪಾತ್ರೆ ಅಂಗಡಿಯೇ ಎದ್ದು ಬಂದಂತೆ ಸದ್ದು.

ಮಾತಿನಲ್ಲೂ ಅವರದು ಇದೇ ಪರಿ. "ಊಟ ಆಯ್ತಾ ಭಾವ?" ಎಂದರೆ "ಹಾಗಂತ ಹೇಳಕ್ಕಾಗಲ್ಲ, ಹಣ್ಣು ಬಾಕಿ ಇದೆ" ಎನ್ನುತ್ತಾರೆ. "ಹೊರಗೆ ಮಳೆನಾ?" ಎಂದರೆ "ಹಾಗಂತ ಹೇಳಕ್ಕಾಗಲ್ಲ, ಹನೀತಾ ಇದೆ." ಒಮ್ಮೆ ಅವರ ಜೊತೆ ಬೂಟು ಕೊಳ್ಳಲು ಹೋಗಿದ್ದೆ. ಎಡಗಾಲಿಗೆ ಒಂದು ಬಗೆ, ಬಲಗಾಲಿಗೆ ಮತ್ತೊಂದು ಬಗೆ ಹಾಕಿಕೊಂಡು, ಅಂಗಡಿಯ ಉದ್ದಕ್ಕೂ ಅತ್ತಿಂದಿತ್ತ ನಡೆದರು, ನಡೆದರು, ನಡೆಯುತ್ತಲೇ ಇದ್ದರು. ಅಂಗಡಿಯವನು ಅವರನ್ನು ಅಲ್ಲೇ ಬಿಟ್ಟು ಊಟಕ್ಕೆ ಹೋಗಿ, ಒಂದು ಸಣ್ಣ ನಿದ್ದೆಯನ್ನೂ ಮುಗಿಸಿ ಬಂದ. ಭಾವ ಆಗಲೂ ನಡೆಯುತ್ತಿದ್ದರು. ನಾನೋ, ಮುಂಗೋಪಿ, ಇಂಥವರ ಜೊತೆ ಹೊರಟರೆ ನನ್ನ ರಕ್ತ ಕುದಿಯುತ್ತದೆ.

ನಿವೃತ್ತಿಯ ನಂತರ ಭಾವ ಮಂಕಾಗಿಬಿಟ್ಟರು. ಕೋಟು ಗೂಟ ಸೇರಿತು. "ಬೆಳಗ್ಗೆ ಎದ್ದು ಕೂತ್ಕೊಳ್ತಾರೆ ಕಣೋ, ಕೂತೇ ಇರ್ತಾರೆ" ಎಂದು ಅಕ್ಕ ಫೋನಿನಲ್ಲಿ ಹೇಳುವಾಗ ಅವಳ ದನಿ ಒಡೆಯುತ್ತಿತ್ತು. ಹಾಗಿರುವಾಗ ಬಡಾವಣೆಯವರು ಅವರನ್ನು ಮೈದಾನದ ಸಂಘಕ್ಕೆ ಕಾರ್ಯದರ್ಶಿ ಮಾಡಿದರು. ಮೈದಾನದ ಹುಲ್ಲು, ಬೇಲಿ, ಮಕ್ಕಳ ಜಾರುಬಂಡೆ ಎಲ್ಲ ಅವರ ಸುಪರ್ದಿಗೆ ಬಂತು. ಮರುದಿನವೇ ಕೋಟು ಗೂಟದಿಂದಿಳಿಯಿತು. ಅಕ್ಕ ಅದಕ್ಕೆ ಇಸ್ತ್ರಿ ಹಾಕುವಾಗ ಹಾಡು ಗುನುಗುತ್ತಿದ್ದಳಂತೆ. ಆ ಹುದ್ದೆಗೆ ಸಂಬಳವಿಲ್ಲ, ಕುರ್ಚಿಯೂ ಇಲ್ಲ. ಆದರೆ ನಮ್ಮ ಭಾವನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಅದೊಂದೇ.

ಸಂಘದ ಆಸ್ತಿಯಲ್ಲಿ ಮುಖ್ಯವಾದದ್ದು, ಮುಚ್ಚಿಹೋದ ಹೋಟೆಲೊಂದರಿಂದ ಹಳೆಯ ಸಾಮಾನಿನ ಜೊತೆ ಕೊಂಡುತಂದಿದ್ದ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ. ಅದಕ್ಕೆ ಗೇರುಗಳಿಲ್ಲ. ಪೆಡಲ್ ಒತ್ತಿದಷ್ಟೂ ಓಡುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವುದು ಒಂದು ಮುಚ್ಚಿದ ಡಬ್ಬಿಯೊಳಗಿನ ಎಣ್ಣೆ, ಆ ಎಣ್ಣೆಯ ಒತ್ತಡ. ಹೈಡ್ರೋಸ್ಟ್ಯಾಟಿಕ್ ಎಂದು ಅದರ ಹೆಸರು. ಬೇಸಿಗೆ ಕಳೆದು ಹುಲ್ಲು ಚಿಗುರುವ ಹೊತ್ತಿಗೆ ಗಾಡಿ ಮುಲುಗಲಾರಂಭಿಸಿತು. ಮೈದಾನದ ದಿಣ್ಣೆಯ ಅರ್ಧಕ್ಕೆ ಹೋಗಿ, ಏದುಸಿರು ಬಿಟ್ಟು, ನಿಂತುಬಿಡುತ್ತಿತ್ತು. ಎಣ್ಣೆ ಬದಲಿಸಬೇಕು ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಯಾವ ಎಣ್ಣೆ? ಡಬ್ಬಿಯ ಮೇಲೆ ಅಂಟಿಸಿದ್ದ ಚೀಟಿ ಎಂದೋ ಕಿತ್ತುಹೋಗಿತ್ತು. ಅಲ್ಲಿಂದ ಶುರುವಾಯಿತು ನೋಡಿ ಮೀನಮೇಷ.

ಮೊದಲ ದಿನ ಆಯಿಲ್ ಅಂಗಡಿಗೆ, ರಜೆಗೆಂದು ಅಕ್ಕನ ಮನೆಗೆ ಬಂದಿಳಿದಿದ್ದ ನನ್ನನ್ನೂ ಎಳೆದುಕೊಂಡು ಹೋದರು.

"ಯಾವ ಗಾಡಿಗೆ ಸಾರ್?" ಎಂದ ಅಂಗಡಿಯವನು.

"ಹುಲ್ಲು ಕತ್ತರಿಸೋ ಗಾಡಿಗೆ. ಎಂಜಿನ್ನಿಗಲ್ಲ, ಹಿಂದಿನ ಹೈಡ್ರೋಸ್ಟ್ಯಾಟಿಕ್ ಡಬ್ಬಿಗೆ."

"ಯಾವುದಾದ್ರೂ ಹಾಕಿ ಸಾರ್. ಎಣ್ಣೆ ಎಣ್ಣೇನೇ."

"ಹಾಗಂತ ಹೇಳಕ್ಕಾಗಲ್ಲ" ಎಂದರು ಭಾವ, ಯಾರೋ ತಮ್ಮ ವಂಶವನ್ನೇ ಬೈದಂತೆ ಮುಖ ಮಾಡಿಕೊಂಡು. ಎಣ್ಣೆ ತೆಳುವಾದರೆ ಕಾದಾಗ ನೀರಾಗಿ ಒತ್ತಡ ಹಿಡಿಯದು, ದಿಣ್ಣೆ ಹತ್ತದು. ಮಂದವಾದರೆ ಚಳಿಯ ಬೆಳಗಿನಲ್ಲಿ ಪಂಪಿಗೆ ಉಸಿರು ಕಟ್ಟೀತು. ನೊರೆಯೆದ್ದು ಗಾಳಿ ಸೇರಿದರಂತೂ ಮುಗಿದೇ ಹೋಯಿತು. ಇದಿಷ್ಟನ್ನೂ ಅಂಗಡಿಯವನಿಗೆ, ಅವನ ಗಿರಾಕಿಗಳಿಗೆ, ಪಂಕ್ಚರು ಹಾಕಿಸಲು ಬಂದಿದ್ದ ಒಬ್ಬ ಅಮಾಯಕನಿಗೆ ವಿವರಿಸಿ, ಒಂದು ಹನಿಯನ್ನೂ ಕೊಳ್ಳದೆ, ಮಾದರಿಗೆಂದು ಎಲ್ಲ ಬಗೆಯದನ್ನೂ ಪುಟ್ಟ ಪುಟ್ಟ ಸೀಸೆಗಳಲ್ಲಿ ತುಂಬಿಸಿಕೊಂಡು ಬಂದರು. ಎಂಜಿನ್ನಿಗೆ ಹಾಕುವ, ಇಪ್ಪತ್ತು-ಐವತ್ತು ಎಂಬ ನಂಬರಿನ ಮಂದವಾದ ಎಣ್ಣೆ, ಟ್ರ್ಯಾಕ್ಟರಿನ ಸರ್ವೋಪಯೋಗಿ ಎಣ್ಣೆ, ಕಾರಿನ ಗೇರುಪೆಟ್ಟಿಗೆಯ ಕೆಂಪು ಎಣ್ಣೆ, ಮತ್ತೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುವ, ಸಿಂಥೆಟಿಕ್ಕು ಎಂಬ ಕೃತಕ ಎಣ್ಣೆ. ಎಲ್ಲವೂ ಕೋಟಿನ ಜೇಬುಗಳಲ್ಲಿ ಯಥಾಸ್ಥಾನ ಸೇರಿದವು.

ಮುಂದಿನ ದಿನಗಳಲ್ಲಿ ಅಕ್ಕನ ಮನೆ ಪ್ರಯೋಗಶಾಲೆಯಾಯಿತು. ಸೀಸೆಗಳು ಬೆಳಗ್ಗೆ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಚಳಿಗೆ ನಡುಗುತ್ತಿದ್ದವು, ಮಧ್ಯಾಹ್ನ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿದ್ದವು. ಭಾವ ಒಂದೊಂದನ್ನೇ ಬೋರಲು ಮಾಡಿ, ಗುಳ್ಳೆ ಏಳುವ ವೇಗವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಪಕ್ಕದ ಮನೆಯ ಹೆಂಗಸು ಸಾಲು ಸೀಸೆಗಳನ್ನು ಕಂಡು ಗಾಬರಿಯಿಂದ "ಮನೇಲಿ ಯಾರಿಗ್ರೀ ಹುಷಾರಿಲ್ಲ?" ಎಂದು ಕೇಳಿದಳು. "ಹುಲ್ಲಿನ ಗಾಡಿಗೆ" ಎಂದಳು ಅಕ್ಕ, ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ.

ಇತ್ತ ಹುಲ್ಲು ಯಾರ ತೀರ್ಮಾನಕ್ಕೂ ಕಾಯಲಿಲ್ಲ. ಮೊಣಕಾಲು ಮುಟ್ಟಿತು. ಚೆಂಡು ಹುಡುಕಲು ಹೋದ ಮಕ್ಕಳನ್ನು ಹುಡುಕಲು ತಾಯಂದಿರು ಹೋಗಬೇಕಾಯಿತು. ಭಾನುವಾರ ಬಡಾವಣೆಯ ಮಕ್ಕಳ ಓಟದ ಪಂದ್ಯಗಳು. ಸಂಘದ ಸಭೆ ಕರೆದರು. ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರೂ ಅವರನ್ನು ಹೆಡ್‌ಮೇಡಂ ಎಂದೇ ಕರೆಯುವುದು. ಸದಸ್ಯರಲ್ಲಿ ಚುರುಕಾದವರು ಔಷಧದಂಗಡಿಯವರು. ವೈದ್ಯರ ಗೀಚನ್ನೇ ಅರೆಕ್ಷಣದಲ್ಲಿ ಓದಿ ಮಾತ್ರೆ ಎಣಿಸಿಕೊಡುವ ಕೈ ಅವರದು.

"ಒಂದು ಡಬ್ಬ ಎಣ್ಣೆ ಆರಿಸೋಕೆ ಇಷ್ಟು ದಿನಾನಾ ಸಾರ್? ನನಗೆ ಕೊಡಿ, ಸಂಜೆಯೊಳಗೆ ಗಾಡಿ ಓಡಿಸ್ತೀನಿ" ಎಂದರು ಔಷಧದಂಗಡಿಯವರು.

ಹೆಡ್‌ಮೇಡಂ ಕನ್ನಡಕ ತೆಗೆದರು. "ಶನಿವಾರ ಸಂಜೆ ಹುಲ್ಲು ಕತ್ತರಿಸಿರಬೇಕು. ಇಲ್ಲದಿದ್ರೆ ಬೇರೆ ಕಾರ್ಯದರ್ಶಿ ಮಾಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಭಾವ ಬೇಜಾರನ್ನೇನೂ ತೋರಿಸಲಿಲ್ಲ. ಮನೆಗೆ ಬಂದವರು ಕೋಟು ಬಿಚ್ಚದೆ ಬಹಳ ಹೊತ್ತು ಕುಳಿತಿದ್ದರು, ಅಷ್ಟೆ. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ. ಮತ್ತೆ ಆ ಕೋಟು ಗೂಟ ಸೇರಿದರೆ ಈ ಮನುಷ್ಯ ಏನಾದಾರು ಎಂಬ ಭಯ ಅವಳ ಕಣ್ಣಲ್ಲಿ ಸ್ಪಷ್ಟವಾಗಿತ್ತು.

ಮರುದಿನ ಭಾವ ಗಾಡಿಯ ಕೆಳಗೆ ನುಗ್ಗಿ, ಜಿಡ್ಡುಗಟ್ಟಿದ ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಅತಿಥಿಗೆಂದು ಇಟ್ಟಿದ್ದ ಬ್ರಷ್ಷು; ಅತಿಥಿ ಎಂದರೆ ನಾನೇ. ಉಕ್ಕಿನಲ್ಲಿ ಅಚ್ಚೊತ್ತಿದ ಸಂಖ್ಯೆಯೊಂದು ಕಂಡಿತು. ಹಿಗ್ಗಿ ಹೀರೇಕಾಯಿಯಾಗಿ ಗಾಡಿ ತಯಾರಿಸಿದ ಕಂಪನಿಗೆ ಫೋನು ಮಾಡಿದರು. ಅತ್ತಲಿಂದ ಒಂದು ಹೆಣ್ಣುದನಿ, ಕೆಂಪು ಎಣ್ಣೆ ಬೇಡವೇ ಬೇಡ, ಟ್ರ್ಯಾಕ್ಟರಿನದೂ ಬೇಡ ಎಂದು ಹೇಳಿ, "ಇಪ್ಪತ್ತು-ಐವತ್ತು ಆದ್ರೂ ಸರಿ, ಸಿಂಥೆಟಿಕ್ ಆದ್ರೂ ಸರಿ. ಎರಡರಲ್ಲಿ ಯಾವುದಾದ್ರೂ ಆಗುತ್ತೆ, ನಿಮ್ಮಿಷ್ಟ ಸಾರ್" ಎಂದು ಮುಗಿಸಿತು. ಅಯ್ಯೋ ದೇವರೇ! ಭಾವನಿಗೆ ಹೇಳಬಾರದ ಮಾತೊಂದಿದ್ದರೆ ಅದು "ನಿಮ್ಮಿಷ್ಟ." ಆ ದಿನ ಅವರಿಗೆ ಊಟ ಸೇರಲಿಲ್ಲ.

ಶುಕ್ರವಾರ ಬೆಳಗ್ಗೆ ತಿಂಡಿಯ ತಟ್ಟೆಯ ಮುಂದೆ ಘೋಷಣೆಯಾಯಿತು. "ಇಪ್ಪತ್ತು-ಐವತ್ತು."

"ಯಾಕೆ?" ಎಂದೆ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

"ಸಿಂಥೆಟಿಕ್ ಆ ಒಂದು ಅಂಗಡೀಲಿ ಮಾತ್ರ ಸಿಗೋದು. ಇದಾದ್ರೆ ಪೆಟ್ರೋಲ್ ಬಂಕಲ್ಲೂ ಸಿಗುತ್ತೆ. ನಾಳೆ ನನ್ನ ಜಾಗದಲ್ಲಿ ಯಾರೇ ಬಂದ್ರೂ ಎಣ್ಣೆಗೆ ಅಂತ ಅಲೆಯೋದು ಬೇಡ."

ತಮ್ಮನ್ನು ಇಳಿಸಿ ಆ ಜಾಗಕ್ಕೆ ಬರುವವನ ಅನುಕೂಲಕ್ಕಾಗಿ ಎಣ್ಣೆ ಆರಿಸಿದ್ದರು ಈ ಮನುಷ್ಯ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಶನಿವಾರ ಶೆಡ್ಡಿನ ಮುಂದೆ ಕೆಲಸ ಶುರುವಾಯಿತು. ಸುಟ್ಟ ವಾಸನೆಯ ಹಳೆಯ ಎಣ್ಣೆ ಇಳಿದು, ಜೇನಿನ ಬಣ್ಣದ ಹೊಸದು ಒಳಸೇರಿತು. ಹೊಸ ಎಣ್ಣೆ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕಂತೆ. ಅದಕ್ಕಾಗಿ ಭಾವ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಗಾಡಿಯ ಬೆನ್ನಿನಲ್ಲಿರುವ ಸಣ್ಣ ಕಡ್ಡಿಯೊಂದನ್ನು ಹೊರಕ್ಕೆಳೆದರು. ಅದನ್ನು ಎಳೆದರೆ ಎಣ್ಣೆಯ ಹಿಡಿತ ಚಕ್ರಕ್ಕೆ ತಪ್ಪುತ್ತದೆ. ಒಳಗೆ ಒತ್ತಿದರೆ ಮತ್ತೆ ಹಿಡಿಯುತ್ತದೆ. ಕಡ್ಡಿ ಹೊರಗಿಟ್ಟು ಒಂದು ಸಲ, ಒಳಗೊತ್ತಿ ಇನ್ನೊಂದು ಸಲ, ಪೆಡಲನ್ನು ಹಿಂದೆ ಮುಂದೆ ಆಡಿಸಬೇಕು. ನನ್ನನ್ನು ಸೀಟಿನ ಮೇಲೆ ಕೂರಿಸಿ, ಮೊದಲನೆಯ ಸರದಿ ಮುಗಿಸುವಷ್ಟರಲ್ಲಿ ಸಂಘದವರು ದಂಡೆತ್ತಿ ಬಂದರು. ಹಿಂದೆ ಮಕ್ಕಳ ಸೈನ್ಯ.

"ಇನ್ನೂ ಆಗಿಲ್ವಾ ಸಾರ್? ಬಿಸಿಲು ಹೋಗ್ತಾ ಇದೆ!" ಎನ್ನುತ್ತ ಔಷಧದಂಗಡಿಯವರು ತಾವೇ ಬಗ್ಗಿ ಜಾಕು ಇಳಿಸಿಯೇಬಿಟ್ಟರು. ಭಾವ ಕಕ್ಕಾಬಿಕ್ಕಿಯಾಗಿ, ಕೋಟು ಕೊಡವಿ, ನನ್ನನ್ನು ಇಳಿಸಿ, ಸೀಟನ್ನು ಮೇಲೆ ಕೆಳಗೆ ಒತ್ತಿ ನೋಡಿ ಏರಿ ಕುಳಿತರು. ಕೀಲಿ ತಿರುಗಿತು. ಎಂಜಿನ್ನು ಗುಡುಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಭಾವ ಪೆಡಲ್ ಒತ್ತಿದರು.

ಗಾಡಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಇನ್ನಷ್ಟು ಒತ್ತಿದರು. ಸದ್ದು ಏರಿತು, ಹೊಗೆ ಬಂತು, ಚಕ್ರ ಮಾತ್ರ ಮಿಸುಕಲಿಲ್ಲ. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತುಹೋಯಿತು.

"ಎಣ್ಣೆ ತಪ್ಪು" ಎಂದು ಔಷಧದಂಗಡಿಯವರು ತೀರ್ಪು ಕೊಟ್ಟರು.

ನನಗೆ ತಡೆಯಲಾಗಲಿಲ್ಲ. "ಅಂಗಡಿಯವನು ಕಲಬೆರಕೆ ಕೊಟ್ಟಿದಾನೆ! ನಡೀರಿ ಭಾವ, ಅವನಿಗೊಂದು ಗತಿ ಕಾಣಿಸೋಣ" ಎಂದು ಕೂಗಾಡಿದೆ. ಸುತ್ತ ನಿಂತವರು ಹೌದೌದು, ಈಗಿನ ಅಂಗಡಿಯವರೇ ಹಾಗೆ ಎಂದು ತಲೆಯಾಡಿಸಿದರು. ಭಾವ ಹೂಂ ಎಂದಿದ್ದರೆ ಸಾಕಿತ್ತು, ಮಾನ ಉಳಿಯುತ್ತಿತ್ತು, ಹುದ್ದೆಯೂ ಉಳಿಯುತ್ತಿತ್ತೇನೋ.

ಭಾವ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. "ಇಲ್ಲ. ನಾನು ಕೇಳಿದ್ದನ್ನೇ ಅವನು ಕೊಟ್ಟ. ಆರಿಸಿದ್ದು ನಾನು. ತಪ್ಪು ನಂದೇ" ಎಂದರು. ಅನುಮಾನದ ಲವಲೇಶವಿಲ್ಲದ ಇಂಥ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಮೇಡಂ, ನಾನು ರಾಜೀನಾಮೆ ಕೊಡ್ತಾ ಇದೀನಿ." ಹೆಡ್‌ಮೇಡಂ ಕನ್ನಡಕ ಒರೆಸಿಕೊಂಡರು. ಒಬ್ಬೊಬ್ಬರಾಗಿ ಹೊರಟರು. ಔಷಧದಂಗಡಿಯವರು ಬಾಡಿಗೆಗೆ ಬೇರೆ ಗಾಡಿ ಹುಡುಕುತ್ತ ಫೋನು ಕಿವಿಗಿಟ್ಟುಕೊಂಡು ಅತ್ತ ಹೋದರು.

ಉಳಿದವರು ನಾವು ಮೂವರೇ: ಭಾವ, ನಾನು, ಮಕ್ಕಳ ಹಿಂದೆಯೇ ಬಂದಿದ್ದ ಅಕ್ಕ. ಗಾಡಿಯನ್ನು ಶೆಡ್ಡಿನೊಳಗೆ ಸೇರಿಸಲು ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ಒಂದು ಕೈ ಹಚ್ಚಿದಳು. ಗಾಡಿ ಸರಾಗವಾಗಿ ಉರುಳಿಕೊಂಡು ಹೋಗಿ ಗೋಡೆಗೆ ಗುದ್ದಿತು.

"ಏನ್ರೀ ಇದು, ಮಗುವಿನ ತಳ್ಳುಗಾಡಿ ಥರ ಹೋಗುತ್ತಲ್ಲಾ?"

ಭಾವ ನಿಂತಲ್ಲೇ ನಿಂತರು. ಹಾಗೆ ಉರುಳಬಾರದು. ಎಣ್ಣೆ ಹಿಡಿದಿದ್ದರೆ ಮೂವರು ತಳ್ಳಿದರೂ ಅದು ಅಲುಗಬಾರದು. ಬಗ್ಗಿದರು, ಟಾರ್ಚು ಬಿಟ್ಟರು. ಬೆನ್ನಿನ ಕಡ್ಡಿ ಹೊರಗೇ ಇತ್ತು. ಜಾಕು ಇಳಿದ ಗಡಿಬಿಡಿಯಲ್ಲಿ ಅದನ್ನು ಒತ್ತಿದವರೇ ಇಲ್ಲ. ಭಾವ ಚಕ್ರಗಳನ್ನು ಮತ್ತೆ ಜಾಕಿಗೇರಿಸಿ, ಕಡ್ಡಿಯನ್ನು ಒಳಗೊತ್ತಿ, ಬಾಕಿ ಉಳಿದಿದ್ದ ಎರಡನೆಯ ಸರದಿಯನ್ನು ಚಾಚೂ ತಪ್ಪದೆ ಮುಗಿಸಿ ಕೆಳಗಿಳಿಸಿದರು. ಗಾಡಿ ಹೊರಟಿತು. ಆಹಾ, ಏನು ಹೊರಟಿತು! ದಿಣ್ಣೆಯನ್ನು ಒಂದೇ ಏಟಿಗೆ ಹತ್ತಿತು. ನಾನು ಎಳೆಯ ಮಕ್ಕಳ ಹಾಗೆ ಪಕ್ಕದಲ್ಲಿ ಕೂಗುತ್ತ ಓಡಿದೆ. ಕತ್ತಲಾಗುವ ಮೊದಲು ಮೈದಾನವೆಲ್ಲ ನುಣ್ಣಗಾಗಿತ್ತು. ಭಾನುವಾರ ಮಕ್ಕಳು ಓಡಿದರು, ಬಿದ್ದರು, ಬಹುಮಾನಕ್ಕಾಗಿ ಜಗಳವಾಡಿದರು.

ಅಲ್ಲೇ ಹೆಡ್‌ಮೇಡಂ ಬಂದು "ರಾಜೀನಾಮೆ ವಾಪಸ್ ತಗೊಳ್ಳಿ" ಎಂದು ಕೈ ಮುಗಿದರು. ಅವರ ಬೆನ್ನ ಹಿಂದೆ ಔಷಧದಂಗಡಿಯವರೂ ತಲೆ ಕೆರೆದುಕೊಳ್ಳುತ್ತ ನಿಂತಿದ್ದರು. ಭಾವ ಗಂಭೀರವಾಗಿ "ಯೋಚನೆ ಮಾಡಿ ಹೇಳ್ತೀನಿ" ಎಂದರು. ಆ ಯೋಚನೆ ಇವತ್ತಿಗೂ ನಡೆದಿದೆ. ಅದು ಮುಗಿಯುವ ತನಕ ಬೇರೆಯವರನ್ನು ನೇಮಿಸುವುದು ಸರಿಯಲ್ಲವೆಂದು ಕಾರ್ಯದರ್ಶಿಯ ಕೆಲಸವನ್ನು ಅವರೇ ಮಾಡಿಕೊಂಡು ಬರುತ್ತಿದ್ದಾರೆ.

"ನೀನಾದ್ರೂ ಹೇಳಬಾರದಾ ಅಕ್ಕ? ಇಷ್ಟು ವರ್ಷ ಹೇಗೆ ಸಹಿಸ್ಕೊಂಡೆ ಇವರನ್ನ?" ಎಂದು ಒಮ್ಮೆ ರೇಗಿದೆ. ಅಕ್ಕ ನಕ್ಕಳು. "ನನ್ನನ್ನ ಮದುವೆ ಆಗಲಾ ಬೇಡವಾ ಅಂತ ಒಂದೂವರೆ ವರ್ಷ ಯೋಚನೆ ಮಾಡಿದ್ರು ಕಣೋ, ನಮ್ಮಪ್ಪನ ಬಿಪಿ ಏರಿಹೋಗಿತ್ತು. ಆದ್ರೆ ಆದ ಮೇಲೆ ಒಂದು ದಿನಾನೂ ಆ ಯೋಚನೆ ಮಾಡಿಲ್ಲ."

ಲೋಕ ಇಂಥವರನ್ನು ಪುಕ್ಕಲರೆಂದು ಕರೆಯುತ್ತದೆ. ಅವರ ಹಿಂದೆ ಸಾಲಿನಲ್ಲಿ ನಿಂತು ಕಾಯುವ ಕರ್ಮ ನಮ್ಮದಾದ್ದರಿಂದ ಆ ಕೋಪವೂ ಸಹಜವೇ. ಆದರೆ ತಟ್ಟನೆ ಆರಿಸುವ ನಮಗೆ ಆರಿಸಿದ್ದನ್ನು ತಟ್ಟನೆ ಕೈಬಿಡುವ ದಾರಿಯೂ ಗೊತ್ತಿರುತ್ತದೆ, ಆ ಧೈರ್ಯದಿಂದಲೇ ನಾವು ಅಷ್ಟು ಚುರುಕು. ಅವರಿಗೆ ಆ ದಾರಿ ಗೊತ್ತಿಲ್ಲ. ಒಮ್ಮೆ ಇದು ನನ್ನದು ಎಂದುಬಿಟ್ಟರೆ ಕೆಟ್ಟರೂ ಅದು ತಮ್ಮದೇ ಎಂದು ಬಲ್ಲವರಾದ್ದರಿಂದ, ಪಾಪ, ಅಷ್ಟು ತಡಮಾಡುತ್ತಾರೆ.