ಕಾರೇ ಹೇಳಲಿ

ಕೆಂಪು, ಕೆಂಪಿನ ಪಕ್ಕ ಹಳದಿ, ಅದರ ಕೆಳಗೆ ಇನ್ನೊಂದು ಹಳದಿ, ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳು, ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು, ಬ್ಯಾಟರಿ, ಒಂದೂ ಬಾಕಿ ಇಲ್ಲ — ಎಲ್ಲಾ ಒಟ್ಟಿಗೆ ಕೆಡೋದು ಅಂತ ಇರಲ್ಲ, ಎಂದುಕೊಂಡ ಕಾರಿನ ಎಲೆಕ್ಟ್ರಿಷಿಯನ್, ಚಾಲಕನ ಸೀಟಿನ ಮೇಲೆ ಮೊಣಕೈ ಊರಿ, ಮೂಗಿಗೆ ಹಳೇ ತೊಗಲಿನ ವಾಸನೆ, ಅದರೊಳಗೆ ಸಣ್ಣಗೆ ಮುಗ್ಗಲು, ಅಂದರೆ ಎಲ್ಲೋ ನೀರು. ಇಪ್ಪತ್ತೆರಡು ವರ್ಷದ ಕಾರು, ಈಗಲೂ ಬಾಗಿಲು ಹಾಕಿದರೆ ಬೀರು ಮುಚ್ಚಿದಂಥ ಸದ್ದು, ಇದರ ಒಡೆಯರು ಮಾತ್ರ ಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷ, ಆದರೂ ಎಲ್ಲರ ಬಾಯಲ್ಲಿ ಜಡ್ಜ್ ಸಾಹೇಬರೇ, ಅವರ ಬಾಯಲ್ಲಿ ತಾನು ಮೀಟರಪ್ಪ, ಏನಪ್ಪಾ ಮೀಟರಪ್ಪ, ನಮ್ಮ ಹುಡುಗಿಗೆ ಏನಾಗಿದೆ ಇವತ್ತು, ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳುತ್ತಿದ್ದರು ಬೆಳಿಗ್ಗೆ ಕೂಡ. ಸ್ಕ್ಯಾನರ್ ಸಿಕ್ಕಿಸಿದರೆ ಹನ್ನೊಂದು ದೋಷ, ಒಂದಕ್ಕೊಂದು ಸಂಬಂಧವೇ ಇಲ್ಲ, ಬೇರೆಯವರಾಗಿದ್ದರೆ ಹನ್ನೊಂದು ಭಾಗ ಬದಲಾಯಿಸಿ ಎಂದು ಕೈತೊಳೆದುಕೊಳ್ಳುತ್ತಿದ್ದರು, ಎಲ್ಲಿ ನೋವು ಅಂತಷ್ಟೇ ಹೇಳುತ್ತೆ ಈ ಡಬ್ಬಿ, ಯಾಕೆ ಅಂತ ಹೇಳಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಾರಿನ ಮೈಗೆ, ಸೊನ್ನೆ ಇರಬೇಕಾದ ಕಡೆ ಎರಡು ವೋಲ್ಟ್ — ಸಿಕ್ಕಿದೆಯಲ್ಲ ಮಗನೇ. ಕಾಲಡಿಯ ಕಾರ್ಪೆಟ್ ಎತ್ತಿದ, ಒದ್ದೆ, ಮೇಲುಗಡೆ ಸನ್‌ರೂಫಿನ ಗಾಜಿನ ಕಿಂಡಿಯಿಂದ ನೀರು ಇಳಿಯುವ ಕೊಳವೆ ಎಲೆ ಕಸದಿಂದ ಕಟ್ಟಿಕೊಂಡು, ನೀರೆಲ್ಲ ಇಲ್ಲಿಗೆ ಬಂದು, ಅರ್ತಿಂಗ್ ವೈರುಗಳು ಒಂದೇ ನಟ್ಟಿನ ಕೆಳಗೆ ಕೂತ ಜಾಗದಲ್ಲಿ ಹಸಿರು ಕಿಲುಬು, ಪಾಚಿಯಂತೆ. ಬಿಚ್ಚಿ, ಮರಳು ಕಾಗದದಲ್ಲಿ ತಿಕ್ಕಿ, ತಾಮ್ರ ಹೊಳೆಯುವವರೆಗೆ ತಿಕ್ಕಿ, ಹತ್ತನೇ ನಂಬರ್ ಸ್ಪ್ಯಾನರಿನಿಂದ ಬಿಗಿ ಮಾಡಿ, ಕೀ ತಿರುಗಿಸಿದರೆ ಎಂಜಿನ್ ಗುಂಯ್ ಎಂದಿತು, ದೀಪಗಳು ಒಂದೊಂದಾಗಿ ಆರಿದವು, ಕೊನೆಗೆ ಏರ್‌ಬ್ಯಾಗಿನದೂ. ಮೂವತ್ತು ವರ್ಷದಿಂದ ಮಾಡುತ್ತಿದ್ದರೂ ಈ ಒಂದು ಗಳಿಗೆ ಮಾತ್ರ ಹಳತಾಗಿಲ್ಲ, ಸಾಹೇಬರನ್ನು ಕೂಗಬೇಕು ಎಂದು ತಲೆ ಎತ್ತಿದರೆ ಮನೆಯ ಪಕ್ಕದ ಕಾರ್ ಶೆಡ್ಡಿನ ಬಾಗಿಲಲ್ಲಿ ಅವರ ಮಗಳು, ಕೈಕಟ್ಟಿಕೊಂಡು, ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಸರಿಹೋಯ್ತಾ, ಎಂದಳು. ಹೋಯ್ತು ಮೇಡಂ, ಒಂದು ನಟ್ಟಿನ ಕಥೆ ಅಷ್ಟೇ, ಎಂದು ನಗುತ್ತ ಕೈ ಒರೆಸಿಕೊಂಡ, ಅವಳು ನಗಲಿಲ್ಲ, ಹತ್ತಿರ ಬಂದಳು, ದನಿ ತಗ್ಗಿಸಿದಳು, ಸರಿಹೋಗಿಲ್ಲ ಅಂತ ಹೇಳ್ತೀರಾ ಅಪ್ಪನಿಗೆ? ಏನು ಕೇಳಿಸಿತು ತನಗೆ ಎಂದು ಅವನು ಎಂಜಿನ್ ಆರಿಸಿದ. ಹೋದ ಸೋಮವಾರ, ಎಂದಳು, ಶಾಲೆ ಬಿಡೋ ಹೊತ್ತು, ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದ್ದಾರೆ, ಗೇಟಿನ ಪಕ್ಕದ ಕಂಬಕ್ಕೆ ಹೋಗಿ ನಿಂತಿದೆ, ಕಂಬ ಇಲ್ದೇ ಇದ್ದಿದ್ರೆ — ಅಲ್ಲಿಗೆ ನಿಲ್ಲಿಸಿದಳು, ಮತ್ತೆ ಅಂದಳು, ಮನೆಗೆ ಬಂದು ಕಂಬವನ್ನ ಯಾರೋ ರಸ್ತೆಗೆ ತಂದಿಟ್ಟಿದ್ದಾರೆ ಅಂದ್ರು, ಅಮ್ಮ ಎಲ್ಲಿ ಅಂತ ಕೇಳಿದ್ರು, ಅಮ್ಮ ಹೋಗಿ ಆರು ವರ್ಷ ಆಯ್ತು. ಬಂಪರಿನ ಬಲಮೂಲೆ ನೆಗ್ಗಿದ್ದನ್ನು ಬೆಳಿಗ್ಗೆಯೇ ನೋಡಿದ್ದ ಅವನು, ಗೋಡೆಗೆ ತಾಗಿರಬೇಕು ಎಂದುಕೊಂಡಿದ್ದ. ನಾನು ಬೇಡ ಅಂದ್ರೆ ಮಗಳು ಕಾರು ಕಿತ್ಕೊಂಡ್ಳು ಅಂತಾರೆ, ಡಾಕ್ಟರ ಮಾತೂ ಆಯ್ತು, ಆ ಮನುಷ್ಯನಿಗೆ ಏನು ಗೊತ್ತು ಅಂದ್ರು, ಕಾರೇ ಹೇಳಲಿ, ಕಾರು ಹೇಳಿದ್ರೆ ಒಪ್ಕೋತಾರೆ, ನಿಮ್ಮ ಕಾಲಿಗೆ ಬೀಳ್ತೀನಿ. ಅಯ್ಯೋ ಬಿಡಿ ಮೇಡಂ, ಎಂದ ಅವನು, ಸ್ಪ್ಯಾನರನ್ನೇ ನೋಡಿದ, ಸುಳ್ಳು ತನಗೆ ಹೊಸದೇನಲ್ಲ — ತನ್ನಮ್ಮನಿಗೆ ಕಣ್ಣು ಪೂರ್ತಿ ಹೋದ ಸಂಜೆ, ಮಂಚದ ಮೇಲೆ ಕೂತು, ಕರೆಂಟ್ ಹೋಯ್ತೇನೋ ಮಗಾ, ಎಂದು ಕೇಳಿದ್ದಳು, ಹೂಂ ಅಮ್ಮ, ಈಗ ಬರುತ್ತೆ, ಎಂದಿದ್ದ ಅವನು, ಬಲ್ಬು ನೆತ್ತಿಯ ಮೇಲೇ ಉರಿಯುತ್ತಿತ್ತು, ಅವಳು ಮುಖ ಮೇಲೆತ್ತಿ ಗಾಳಿಗೆ ಹಿಡಿದಳು, ಫ್ಯಾನ್ ತಿರುಗ್ತಿದೆಯಲ್ಲೋ, ಎಂದಳು, ಅಷ್ಟೇ, ಮುಂದೆ ಯಾವತ್ತೂ ಕೇಳಲಿಲ್ಲ, ಫ್ಯಾನನ್ನು ಆರಿಸಬೇಕಿತ್ತು ಅನ್ನುವುದು ಹೊಳೆಯದೇ ಹೋಯಿತಲ್ಲ ಕರೆಂಟಿನವನಿಗೆ. ಹಾಗಾಗಿ ಸುಳ್ಳು ಹೇಳುವುದಾದರೆ ನೆಟ್ಟಗೆ ಹೇಳಬೇಕು, ಅವನು ಮತ್ತೆ ಬಗ್ಗಿದ, ಈಗತಾನೇ ಬಿಗಿ ಮಾಡಿದ ನಟ್ಟಿಗೆ ಸ್ಪ್ಯಾನರ್ ಹಾಕಿದ, ಕೈ ಒಪ್ಪಲಿಲ್ಲ, ಬಿಗಿ ಮಾಡಿಯೇ ಅಭ್ಯಾಸವಾದ ಕೈ, ಕಂಬ, ಎಂದುಕೊಂಡ, ಶಾಲೆಯ ಗೇಟು, ಕಂಬ, ಎಡಕ್ಕೆ ತಿರುಗಿಸಿದ, ಒಂದು ಸುತ್ತು, ಎರಡು, ವೈರು ಸಡಿಲವಾಗಿ ಅಲ್ಲಾಡಿತು, ಅಷ್ಟು ಸಾಲದು, ಎಂಜಿನ್ ಹೊತ್ತಿಕೊಂಡರೂ ಹೊತ್ತಿಕೊಂಡೀತು, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ರಿಲೇ ಸ್ವಿಚ್ಚು ಕಿತ್ತು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅಂಗಿಯ ಜೇಬಿಗೆ ಹಾಕಿಕೊಂಡ, ಮಗಳು ಮುಖ ಆ ಕಡೆ ತಿರುಗಿಸಿದ್ದಳು.

ಸಾಹೇಬರು ಇಸ್ತ್ರಿ ಅಂಗಿ ತೊಟ್ಟು ಬಂದರು, ಮಧ್ಯಾಹ್ನದ ಬಿಸಿಲಿನಿಂದ ಶೆಡ್ಡಿನ ನೆರಳಿಗೆ, ಎಲ್ಲಿಗೋ ಹೊರಟವರ ಹಾಗೆ, ಅದನ್ನು ನೋಡಿ ಅವನು ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡ. ಏನು ಮೀಟರಪ್ಪ, ತೀರ್ಪು ಏನು? ಆಗಲ್ಲ ಸಾಹೇಬರೇ, ಎಂದ, ಒಳಗಿನ ವೈರೆಲ್ಲ ಕೊಳೆತಿದೆ, ಭಾಗಗಳು ಎಲ್ಲೂ ಸಿಗಲ್ಲ, ಓಡಿಸಿದ್ರೆ ಅಪಾಯ. ಎಷ್ಟು ಸಲೀಸಾಗಿ ಬಂತು ಮಾತು, ಕಣ್ಣು ಮಾತ್ರ ಅವರ ಚಪ್ಪಲಿಯ ಮೇಲೆ, ಈಗ ಹಿಡಿಯುತ್ತಾರೆ, ಜೀವಮಾನವೆಲ್ಲ ಸಾಕ್ಷಿಗಳ ಮುಖ ನೋಡಿದ ಮನುಷ್ಯ, ತಲೆ ಎತ್ತಿ ಹೇಳು ಎನ್ನುತ್ತಾರೆ, ಅನ್ನಲಿ, ಅಂದರೆ ಎಲ್ಲವನ್ನೂ ಹೇಳಿಬಿಡುತ್ತೇನೆ — ಅನ್ನಲಿಲ್ಲ. ಹೌದಾ, ಎಂದರು, ಮಗಳ ಕಡೆ ತಿರುಗಿದರು, ನೀನು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ ಕಣೇ, ಇವನು ಹೇಳಿದ ಮೇಲೆ ಮುಗೀತು, ಹನ್ನೆರಡು ವರ್ಷದಲ್ಲಿ ಒಂದು ಸಲ ಆಗಲ್ಲ ಅಂದೋನಲ್ಲ ಇವನು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರು ಅವನನ್ನೇ ಕೇಳಿದರು, ಒಂದು ಸಲ ಕೂತ್ಕೊಳ್ಳಲೇನಪ್ಪಾ, ತಮ್ಮದೇ ಕಾರಿನಲ್ಲಿ ಕೂರಲು ಇವನನ್ನು, ಅವನು ಬಾಗಿಲು ತೆಗೆದು ಹಿಡಿದ. ಬೆಲ್ಟ್ ಎಳೆದು ಸಿಕ್ಕಿಸಿಕೊಂಡರು, ಕನ್ನಡಿಯನ್ನು ಒಂದು ಕೂದಲೆಳೆಯಷ್ಟು ಸರಿಮಾಡಿದರು, ಕೀ ತಿರುಗಿಸಿದರು, ಎಂಜಿನ್ ಕೆಮ್ಮಿತು, ಹೊತ್ತಲಿಲ್ಲ, ಇನ್ನೊಮ್ಮೆ, ಹೊತ್ತಲಿಲ್ಲ, ಸಾಕು ಬಿಡೇ, ಎಂದರು, ಯಾರಿಗೋ, ಮಗಳಿಗೋ ಕಾರಿಗೋ, ಆದರೆ ಕೀ ತೆಗೆಯಲಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಎದುರಿನ ಗೋಡೆಯನ್ನು ರಸ್ತೆ ನೋಡುವಂತೆ ನೋಡುತ್ತ ಕೂತರು, ಅವರ ಕನ್ನಡಕದ ಎರಡು ಗಾಜುಗಳಲ್ಲಿ ಆ ಎಲ್ಲ ದೀಪಗಳು, ಕೆಂಪು, ಹಳದಿ, ಸಾಸಿವೆಯಷ್ಟು ಸಣ್ಣಗೆ, ಅವನು ಬೇರೆ ಕಡೆ ನೋಡಿದ, ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬಿದ, ಮೀಟರಿನ ವೈರು ಸುತ್ತಿದ, ನಾಳೆ ಬೇರೆ ಕಾರು ಇದೆ ಎಂದುಕೊಂಡ, ಅದರ ಹಾರ್ನು ಕೂಗುತ್ತಿಲ್ಲವಂತೆ, ಕನ್ನಡಕದಲ್ಲಿ ದೀಪಗಳು, ಮಗಳು ಒಳ್ಳೆಯದೇ ಮಾಡಿದಳು, ಯಾರನ್ನು ಕೇಳಿದರೂ ಹಾಗೇ ಅನ್ನುತ್ತಾರೆ, ಕನ್ನಡಕದಲ್ಲಿ, ಹೊರಗೆ ಹೋಗಿ ಒಂದು ಲೋಟ ನೀರು ಕುಡಿಯಬೇಕು, ಹೊರಗೆ ಹೋಗಬೇಕೆಂದರೆ ಅವರ ಎದುರಿನಿಂದಲೇ ಹಾಯಬೇಕು, ಹಾಯ್ದರೆ ಅವರು ನೋಡುತ್ತಾರೆ, ಎರಡು ಗಾಜು, ಕೆಂಪು, ಹಳದಿ, ರೆಪ್ಪೆ ಬಡಿಯಲಿಲ್ಲ ಅವರು, ಎರಡು ಗಾಜುಗಳಲ್ಲಿ ದೀಪಗಳು